ಬೈಸಿಕಲ್ಲಿನ ಸೀಟು



ಬೈಸಿಕಲ್ಲನ್ನೇರಿ ಎರಡು ಮೈಲಿ ಹೋಗುವಷ್ಟರಲ್ಲಿ ಮಂಡಿ ನೋಯುವುದೆಂದು ದೂರುವವರು ನಮ್ಮಲ್ಲಿ ಅನೇಕರುಂಟು. ಅವರು ವಯಸ್ಸನ್ನು ನಿಂದಿಸುತ್ತಾರೆ, ರಸ್ತೆಯನ್ನು ನಿಂದಿಸುತ್ತಾರೆ. ಕಡೆಗೆ ಗಾಡಿಯನ್ನು ಗೋಡೆಗೊರಗಿಸಿ ಸುಮ್ಮನಾಗುತ್ತಾರೆ. ಎಷ್ಟೋ ವೇಳೆ ಸೀಟು ತನ್ನ ಸ್ಥಾನದಲ್ಲಿಲ್ಲದಿರುವುದೇ ಈ ನೋವಿಗೆ ಕಾರಣ.

ದೋಷದ ಮೂಲ ಒಂದು ಸಣ್ಣ ಭಯ. ನಿಂತಾಗ ಎರಡು ಪಾದಗಳೂ ನೆಲಕ್ಕೆ ಊರಬೇಕೆಂದು ನಾವು ಸೀಟನ್ನು ತಗ್ಗಿಸುತ್ತೇವೆ. ನಿಲ್ಲುವುದು ಕ್ಷಣಕಾಲ; ತುಳಿಯುವುದು ದಾರಿಯುದ್ದಕ್ಕೂ. ಸೀಟು ತಗ್ಗಿದರೆ ಪ್ರತಿ ಸುತ್ತಿನಲ್ಲಿಯೂ ಮಂಡಿ ಅತಿಯಾಗಿ ಮಡಿಚಿಕೊಂಡು, ಮಂಡಿಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ. ನಿಲ್ಲಬೇಕಾದಾಗ ಸೀಟಿನಿಂದ ಮುಂದಕ್ಕಿಳಿದು ಒಂದು ಕಾಲನ್ನೂರಿದರೆ ಸಾಕು.

ಇದನ್ನು ಸರಿಪಡಿಸಲು ಒಂದು ಸ್ಪ್ಯಾನರು ಇದ್ದರಾಯಿತು. ಮೊದಲು ಎತ್ತರ. ಗೋಡೆಯನ್ನು ಹಿಡಿದು ಕುಳಿತು, ಪೆಡಲನ್ನು ತೀರ ಕೆಳಕ್ಕೆ ತಂದು, ಹಿಮ್ಮಡಿಯನ್ನು ಅದರ ಮೇಲಿಡಬೇಕು. ಆಗ ಕಾಲು ನೆಟ್ಟಗಾದರೆ ಎತ್ತರ ಸರಿಯಾಯಿತು. ಮುಂಗಾಲಿನಿಂದ ತುಳಿಯುವಾಗ ಮಂಡಿ ತಾನಾಗಿಯೇ ತುಸು ಬಾಗುತ್ತದೆ. 1967ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು, ಪೆಡಲಿನಿಂದ ಸೀಟಿನ ಮೇಲ್ಮೈವರೆಗಿನ ದೂರವು ಕಾಲಿನ ಒಳ ಅಳತೆಯ ನೂರಕ್ಕೆ 109 ಪಾಲಿರಬೇಕೆಂದು ತಿಳಿಸಿದರು. ಒಳ ಅಳತೆ 80 ಸೆಂಟಿಮೀಟರಾದರೆ ಈ ದೂರ ಸುಮಾರು 87. ಇದು ಬಿರುಸಾಗಿ ತುಳಿಯುವವರ ಲೆಕ್ಕ. ಪೇಟೆಯ ಸವಾರಿಗೆ ಇದಕ್ಕಿಂತ ತುಸು ತಗ್ಗಿದ್ದರೂ ಬಾಧಕವಿಲ್ಲ. ಸೊಂಟ ಅತ್ತಿತ್ತ ಹೊರಳಿದರೆ, ಇಲ್ಲವೆ ಮಂಡಿಯ ಹಿಂಬದಿ ಎಳೆದಂತಾದರೆ, ಎತ್ತರ ಹೆಚ್ಚಾಯಿತೆಂದು ತಿಳಿಯತಕ್ಕದ್ದು. ಸೀಟಿನ ಕಂಬದ ಮೇಲೆ ಕೊರೆದಿರುವ ಗುರುತು ಹೊರಗೆ ಕಾಣುವಷ್ಟು ಅದನ್ನು ಮೇಲಕ್ಕೆಳೆಯಕೂಡದು. ಎಳೆದರೆ ಕಂಬ ಮುರಿಯುವ ಅಪಾಯವುಂಟು.

ಎರಡನೆಯದು ಹಿಂದುಮುಂದು. ಪೆಡಲುಗಳೆರಡೂ ಒಂದೇ ಮಟ್ಟದಲ್ಲಿರುವಾಗ, ಮುಂದಿನ ಕಾಲಿನ ಮಂಡಿಚಿಪ್ಪಿನ ಕೆಳಗಿನಿಂದ ಕಲ್ಲು ಕಟ್ಟಿದ ದಾರವನ್ನು ಇಳಿಬಿಡಬೇಕು. ಅದು ಪೆಡಲಿನ ಅಚ್ಚಿನ ಮೇಲೆ ಹಾಯ್ದರೆ ಒಳ್ಳೆಯ ಆರಂಭವಾಯಿತು.

ಮೂರನೆಯದು ಓಲು. ಸೀಟು ಸಮತಟ್ಟಾಗಿದ್ದು, ದೇಹದ ಭಾರ ಕುಳಿತುಕೊಳ್ಳುವ ಎಲುಬುಗಳ ಮೇಲೆ ನಿಲ್ಲಬೇಕು. ಮೂತಿ ಮೇಲೆದ್ದರೆ ಮೃದುವಾದ ಅಂಗಗಳು ಒತ್ತಿ ಜೋಮು ಹಿಡಿಯುತ್ತವೆ. ಕೆಳಗಾದರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಅಂಗೈಗಳ ಮೇಲೆ ಬೀಳುತ್ತದೆ.

ಮೂರನ್ನೂ ಒಂದೇ ದಿನ ಬದಲಾಯಿಸಕೂಡದು. ಒಂದನ್ನು ಅರ್ಧ ಸೆಂಟಿಮೀಟರಿನಷ್ಟು ಸರಿಸಿ, ನಾಲ್ಕು ದಿನ ತುಳಿದು ನೋಡಿ, ಮುಂದಿನದಕ್ಕೆ ಕೈಯಿಡಬೇಕು. ಮನೆಗೆಲ್ಲ ಒಂದೇ ಬೈಸಿಕಲ್ಲಿದ್ದರೆ, ಅವರವರ ಎತ್ತರಕ್ಕೆ ಕಂಬದ ಮೇಲೊಂದು ಗೆರೆ ಎಳೆದಿಡುವುದು ಮೇಲು. ತಮ್ಮನ ಗೆರೆಯ ಮೇಲೆ ಅಣ್ಣನ ಮಂಡಿ ಸವೆಯಬೇಕಾದ ಕಾರಣವಿಲ್ಲ.