ಚಿತ್ರದ ಹಿಮ್ಮೇಳ

ಕಪ್ಪು-ಬಿಳುಪು ಕಾಲದ ಫೋಟೋ ಆಲ್ಬಮ್ಮುಗಳ ಹಾಳೆ ಹೆಚ್ಚಾಗಿ ಕಪ್ಪಗಿರುತ್ತಿತ್ತು. ಫೋಟೋದ ನಾಲ್ಕು ಮೂಲೆಗೆ ನಾಲ್ಕು ಪುಟ್ಟ ಕಾಗದದ ಕಾರ್ನರ್, ಎರಡು ಹಾಳೆಗಳ ನಡುವೆ ಜೇಡರಬಲೆಯ ಅಚ್ಚು ಮೂಡಿದ ತೆಳುವಾದ ಬಟರ್ ಪೇಪರ್. ಹಾಳೆಯ ಮೇಲೆ ಹೂವಿಲ್ಲ, ಬಳ್ಳಿಯಿಲ್ಲ. ಆದರೂ ಆ ಕಪ್ಪು ಒಂದು ಕೆಲಸ ಮಾಡುತ್ತಿತ್ತು: ಅದರ ಮೇಲಿಟ್ಟ ಫೋಟೋದ ಮಾಸಲು ಬಿಳಿ ಕೂಡ ಹೊಳೆಯುತ್ತಿತ್ತು. ಈಗ ಫೋಟೋಗಳು ಮೊಬೈಲಿನಲ್ಲಿವೆ, ಆಲ್ಬಮ್ ಕಂಪ್ಯೂಟರಿನಲ್ಲಿ ಕಟ್ಟುವ ಡಿಜಿಟಲ್ ಸ್ಕ್ರಾಪ್‌ಬುಕ್ ಆಗಿದೆ. ಒಂದು ಪುಟದಲ್ಲಿ ಎರಡು ಮೂರು ಫೋಟೋ, ಜೊತೆಗೆ ಬಸ್ಸಿನ ಟಿಕೆಟ್ಟಿನ ಚಿತ್ರ, ಲಗ್ನಪತ್ರಿಕೆಯ ತುಣುಕು, ನಾಲ್ಕು ಸಾಲು ಬರಹ, ಎಲ್ಲದರ ಅಡಿಯಲ್ಲಿ ಒಂದು ಬಣ್ಣದ ‘ಕಾಗದ’. ಈ ಕಾಗದವನ್ನು ಮಾತ್ರ ಜನ ಸಿದ್ಧ ಕಿಟ್‌ಗಳಿಂದ ತಂದು ಹಾಸಿಬಿಡುತ್ತಾರೆ, ಅಂಗಡಿಯಲ್ಲಿ ಗಿಫ್ಟ್ ಪೇಪರ್ ಆರಿಸಿದ ಹಾಗೆ. ನನ್ನ ವಾದ ಇಷ್ಟು: ಹಿನ್ನೆಲೆ ಕಾಗದ ಆರಿಸಿ ತರುವ ವಸ್ತುವಲ್ಲ. ಅದು ಆಯಾ ಫೋಟೋದಿಂದಲೇ ಹುಟ್ಟಬೇಕು, ಹಾಗೆ ಹುಟ್ಟಿಸುವುದು ನಾವು ಅಂದುಕೊಂಡಷ್ಟು ಕಷ್ಟವೂ ಅಲ್ಲ.

ಇದು ಬರೀ ರುಚಿಯ ಮಾತಲ್ಲ, ಕಣ್ಣಿನ ಸ್ವಭಾವದ ಮಾತು. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗಕ್ಕೆ 1824ರಲ್ಲಿ ಮಿಶೆಲ್ ಷೆವ್ರೋಲ್ ಎಂಬ ರಸಾಯನ ವಿಜ್ಞಾನಿ ಮುಖ್ಯಸ್ಥನಾಗಿ ಬಂದ. ಕಪ್ಪು ಉಣ್ಣೆ ನೂಲಿಗೆ ಕಸುವಿಲ್ಲ, ಬಣ್ಣ ಕೆಟ್ಟಿದೆ ಎಂಬ ದೂರು ಅವನೆದುರಿಗೆ ಬಂತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವೇ ಇರಲಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ನೂಲುಗಳು ಕಪ್ಪನ್ನು ಪೇಲವವಾಗಿ ಕಾಣಿಸುತ್ತಿದ್ದವು. ಬಣ್ಣವೊಂದು ಹೇಗೆ ಕಾಣುತ್ತದೆಂಬುದನ್ನು ನೆರೆಯ ಬಣ್ಣ ತೀರ್ಮಾನಿಸುತ್ತದೆ ಎಂಬ ಈ ತಿಳಿವನ್ನು ಅವನು 1839ರಲ್ಲಿ ದೊಡ್ಡ ಪುಸ್ತಕವಾಗಿಯೇ ಹೊರತಂದ. ಸ್ಕ್ರಾಪ್‌ಬುಕ್ ಪುಟಕ್ಕೂ ಅದೇ ನಿಯಮ. ಗಾಢ ಹಸಿರಿನ ಮೇಲಿಟ್ಟ ಮುಖ ತುಸು ಕೆಂಪೇರಿದಂತೆ ಕಾಣುತ್ತದೆ, ಕಡುಗೆಂಪಿನ ಮೇಲೆ ಅದೇ ಮುಖಕ್ಕೆ ರಕ್ತವಿಲ್ಲ. ಬೆಳ್ಳಗಿನ ಹಾಳೆ ಫೋಟೋವನ್ನು ಕಪ್ಪಾಗಿಸುತ್ತದೆ, ಕಪ್ಪು ಹಾಳೆ ಬೆಳಗಿಸುತ್ತದೆ. ಸಿದ್ಧ ಕಿಟ್‌ಗಳಲ್ಲಿ ಹೇರಳವಾಗಿರುವುದು ಕೆನೆಬಿಳಿ, ತಿಳಿಗುಲಾಬಿ, ತಿಳಿನೀಲಿ. ನಮ್ಮ ಗೋಧಿಬಣ್ಣದ, ಎಣ್ಣೆಗಪ್ಪಿನ ಮುಖಗಳನ್ನು ಅವುಗಳ ಮೇಲಿಟ್ಟರೆ ಮುಖ ಮಂಕಾಗುತ್ತದೆ. ಆಮೇಲೆ ಆ ಮುಖಕ್ಕೆ ಬ್ರೈಟ್‌ನೆಸ್ ಏರಿಸುತ್ತ ಕೂರುತ್ತೇವೆ. ತಪ್ಪು ಮುಖದ್ದಲ್ಲ, ಕಾಗದದ್ದು.

ಚಿತ್ರಕ್ಕೆ ಹೊಂದುವ ಕಾಗದವನ್ನು ಕೈಯಾರೆ ಮಾಡಿಸುವುದು ಹೊಸ ಯೋಚನೆಯೇನಲ್ಲ. ಮೊಗಲರ ದರ್ಬಾರಿನ ಮುರಕ್ಕಾ ಆಲ್ಬಮ್ಮುಗಳಲ್ಲಿ ಚಿತ್ರ ಬಿಡಿಸುವವರು ಬೇರೆ, ಅಂಚಿಗೆ ಚಿನ್ನದ ಚೂರು ಚಿಮುಕಿಸಿ ಬಳ್ಳಿ ಎಳೆಯುವವರು ಬೇರೆ. ಎದುರುಬದುರು ಪುಟಗಳ ಅಂಚು ಒಂದಕ್ಕೊಂದು ಹೊಂದಬೇಕೆಂಬ ಎಚ್ಚರ ಅವರಿಗಿತ್ತು. ಆದಿಲ್‌ಶಾಹಿ ವಿಜಯಪುರದ ಕಲಾವಿದರಂತೂ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಂಟು ಬೆರೆಸಿದ ನೀರಿನ ಮೇಲೆ ಬಣ್ಣ ತೇಲಿಸಿ, ಕಡ್ಡಿಯಿಂದ ಕದಡಿ, ಮೇಲೆ ಹಾಳೆ ಹಾಸಿ ತೆಗೆಯುವ ‘ಅಬ್ರಿ’ ಕಾಗದ ಹಿನ್ನೆಲೆಯಾಗಿ ಬಳಕೆಯಲ್ಲಿತ್ತು. ಹದಿನೇಳನೇ ಶತಮಾನದಲ್ಲಿ ಅವರು ಅದೇ ಅಲೆಅಲೆಯಾದ ಬಣ್ಣದಿಂದ ಚಿತ್ರದ ದೇಹವನ್ನೇ ತುಂಬಿದರು. ಎಲುಬು ಕಾಣುವ ಬಡಕಲು ಕುದುರೆಯೊಂದರ ಅಂಥ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಹಿನ್ನೆಲೆ ಯಾವುದು, ಚಿತ್ರ ಯಾವುದು ಎಂಬ ಗಡಿಯನ್ನೇ ಅವರು ಅಳಿಸಿಹಾಕಿದ್ದರು. ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಿಮ್ಮೇಳ ಹಿಂದೆ ಕೂತಿದ್ದರೂ ಕುಣಿತದ ಕಾಲ ಅದರ ಕೈಯಲ್ಲಿದೆ.

ಹಾಗಾದರೆ ಮಾಡುವುದು ಹೇಗೆ? ಮೊದಲು ಅಳತೆ. ಕಾಗದದ ಸ್ಕ್ರಾಪ್‌ಬುಕ್ಕಿನಿಂದ ಬಳುವಳಿಯಾಗಿ ಬಂದದ್ದು 12 ಅಂಗುಲದ ಚೌಕ. ಚೆನ್ನಾಗಿ ಅಚ್ಚಾಗಬೇಕಾದರೆ ಅಂಗುಲಕ್ಕೆ 300 ಪಿಕ್ಸೆಲ್ ಬೇಕು. ಅಂದರೆ ಉದ್ದ 3600, ಅಗಲ 3600, ಒಟ್ಟು ಸುಮಾರು 1 ಕೋಟಿ 30 ಲಕ್ಷ ಪಿಕ್ಸೆಲ್. ಪುಟ ಕಟ್ಟಲು ಒಂದರ ಮೇಲೊಂದು ಹಾಸುವ ಪದರಗಳಲ್ಲಿ (ಲೇಯರ್) ಒಂದೊಂದೂ ಕಂಪ್ಯೂಟರಿನ ನೆನಪಿನಲ್ಲಿ ಹೆಚ್ಚುಕಡಿಮೆ 39 ಎಂಬಿ ಹಿಡಿಯುತ್ತದೆ, ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುವುದು ಅದಕ್ಕೇ. 8 ಅಂಗುಲದ ಪುಸ್ತಕ ಸಾಕೆನ್ನುವವರಿಗೆ 2400 ಪಿಕ್ಸೆಲ್ ಧಾರಾಳ. ತಂತ್ರಾಂಶಕ್ಕಾಗಿ ದುಡ್ಡು ಸುರಿಯಬೇಕಿಲ್ಲ. ಫೋಟೋಶಾಪ್ ಇದ್ದರೆ ಸರಿ, ಇಲ್ಲದಿದ್ದರೆ ಉಚಿತವಾಗಿ ಸಿಗುವ ಗಿಂಪ್ ಅಥವಾ ಕ್ರಿತಾದಲ್ಲಿ ಈ ಕೆಲಸವೆಲ್ಲ ಆಗುತ್ತದೆ. ಮೊದಲ ಹೆಜ್ಜೆ ಬಣ್ಣ. ಕಲರ್ ಪಿಕರ್ ತೆಗೆದುಕೊಂಡು ಫೋಟೋದೊಳಗಿನ ನೆರಳಿನ ಭಾಗವನ್ನೋ, ಗೋಡೆಯನ್ನೋ, ಸೀರೆಯ ಮಡಿಕೆಯನ್ನೋ ಒತ್ತಿ ಅಲ್ಲಿನ ಬಣ್ಣ ಹಿಡಿಯಬೇಕು. ಮುಖದ ಬಣ್ಣ ಹಿಡಿಯಬಾರದು, ಹಿಡಿದರೆ ಮುಖ ಕಾಗದದಲ್ಲಿ ಕರಗಿಹೋಗುತ್ತದೆ. ಹಿಡಿದ ಬಣ್ಣದ ತೀವ್ರತೆಯನ್ನು ಅರ್ಧಕ್ಕಿಂತ ಕೆಳಗಿಳಿಸಿ ಪುಟ ತುಂಬಿದರೆ ಹಿನ್ನೆಲೆ ಮತ್ತು ಫೋಟೋ ಒಂದೇ ಮನೆಯವರಾಗುತ್ತಾರೆ.

ಬರೀ ಬಣ್ಣ ತುಂಬಿದ ಚೌಕ ಕಾಗದವಲ್ಲ, ಪ್ಲಾಸ್ಟಿಕ್ಕಿನ ಹಾಳೆ. ನಿಜವಾದ ಕಾಗದದಲ್ಲಿ ನಾರಿದೆ, ಉಬ್ಬುತಗ್ಗಿದೆ. ಅದನ್ನು ತರಲು ಹೊಸ ಪದರದಲ್ಲಿ ನಾಯ್ಸ್ ಎಂಬ ಪುಡಿಚುಕ್ಕೆ ಎರಚಿ, ಬ್ಲರ್ ಮಾಡಿ ತುಸು ಮೆತ್ತಗಾಗಿಸಿ, ಎಂಬಾಸ್ ಕೊಟ್ಟರೆ ಒರಟು ಕಾಗದದ ಮೈ ಬರುತ್ತದೆ. ಇದು ಅಲಂಕಾರವಲ್ಲ, ಅಗತ್ಯ ಎನ್ನಲು ಒಂದು ಲೆಕ್ಕವಿದೆ. ಸಾಮಾನ್ಯ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೂ 256 ಮೆಟ್ಟಿಲು ಮಾತ್ರ. ಪುಟದ ಒಂದು ಅಂಚಿನಲ್ಲಿ 150, ಇನ್ನೊಂದರಲ್ಲಿ 180 ಇರುವಂತೆ ನಯವಾಗಿ ಬಣ್ಣ ಇಳಿಸಿದೆವೆನ್ನಿ. 3600 ಪಿಕ್ಸೆಲ್ ಉದ್ದಕ್ಕೆ ಇರುವುದು 30 ಮೆಟ್ಟಿಲು, ಒಂದೊಂದೂ 120 ಪಿಕ್ಸೆಲ್ ಅಗಲ. ಅಚ್ಚಿನಲ್ಲಿ ಅದು ಅರ್ಧ ಅಂಗುಲಕ್ಕೆ ತುಸು ಕಡಿಮೆ ಅಗಲದ ಪಟ್ಟೆ ಪಟ್ಟೆಯಾಗಿ ಕಾಣಿಸಬಹುದು. ಮೇಲೆರಚಿದ ಪುಡಿಚುಕ್ಕೆ ಈ ಮೆಟ್ಟಿಲುಗಳ ಅಂಚನ್ನು ಚದುರಿಸಿಬಿಡುತ್ತದೆ. ಅಡಿಗೆಗೆ ಉಪ್ಪು ಹಾಕಿದ ಹಾಗೆ ಹಾಕಬೇಕು ಅಷ್ಟೇ. ಉಪ್ಪಿದೆ ಎಂದು ತಿಳಿದರೆ ಹೆಚ್ಚಾಯಿತು.

ನನಗೆ ಈ ಕೆಲಸದ ಜೀವ ಕಾಣುವುದು ಮುಂದಿನ ಹಂತದಲ್ಲಿ, ಮನೆಯ ವಸ್ತುಗಳು ಕಾಗದದೊಳಗೆ ಇಳಿಯುವಾಗ. ಚಾಪೆ, ಗೋಣಿತಾಟು, ಮೊರದ ಹೆಣಿಗೆ, ಅಡಿಕೆ ಹಾಳೆ, ಖಣದ ಕುಪ್ಪಸ, ಇಳಕಲ್ ಸೀರೆಯ ಸೆರಗು, ಇವೆಲ್ಲ ಒಂದೊಂದು ಹಿನ್ನೆಲೆ ಕಾಗದ. ಮೋಡ ಮುಸುಕಿದ ಹೊತ್ತಿನ ಬೆಳಕಿನಲ್ಲಿ ನೇರ ಮೇಲಿನಿಂದ ಫೋಟೋ ತೆಗೆದರೆ ನೆರಳು ಬೀಳುವುದಿಲ್ಲ. ಆ ಚಿತ್ರದ ಬಣ್ಣ ತೆಗೆದು, ಬಣ್ಣದ ಪದರದ ಮೇಲಿಟ್ಟು, ಪದರದ ವಿಧಾನವನ್ನು ‘ಮಲ್ಟಿಪ್ಲೈ’ ಎಂದು ಬದಲಿಸಬೇಕು. ಹೆಸರೇ ಹೇಳುವಂತೆ ಅದು ಗುಣಾಕಾರ: ಮೇಲಿನ 180ನ್ನು ಕೆಳಗಿನ 200ರಿಂದ ಗುಣಿಸಿ 255ರಿಂದ ಭಾಗಿಸಿದರೆ ಸುಮಾರು 141, ಅಂದರೆ ಎರಡಕ್ಕಿಂತಲೂ ಗಾಢ. ಮೇಲಿನದು ಅಚ್ಚಬಿಳಿ ಇದ್ದಲ್ಲಿ, ಅಂದರೆ 255 ಇದ್ದಲ್ಲಿ, ಕೆಳಗಿನದು ಇದ್ದಂತೆಯೇ ಉಳಿಯುತ್ತದೆ. ಹೀಗಾಗಿ ಬಿಳಿ ಬಟ್ಟೆಯ ಮೇಲೆ ಕಪ್ಪು ದಾರದಲ್ಲಿ ಹಾಕಿದ ಕಸೂತಿಯನ್ನು ಸ್ಕ್ಯಾನ್ ಮಾಡಿಟ್ಟರೆ ಬಟ್ಟೆ ಮಾಯವಾಗಿ ದಾರ ಮಾತ್ರ ಕಾಗದದ ಮೇಲೆ ನಿಲ್ಲುತ್ತದೆ. ಕತ್ತರಿಸುವ ಕೆಲಸವೇ ಇಲ್ಲ.

ಕಸೂತಿಯ ಮಾತು ಬಂದದ್ದರಿಂದ ಒಂದು ಸೇರಿಸಬೇಕು. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕೂ ಹೊಲಿಗೆಗಳು ಬಟ್ಟೆಯ ಎಳೆ ಎಣಿಸಿ ಹಾಕುವಂಥವು. ಗೋಪುರ, ತೇರು, ಆನೆ ಎಲ್ಲವೂ ಆ ಎಣಿಕೆಯಲ್ಲೇ ಮೂಡುತ್ತವೆ. ಪಿಕ್ಸೆಲ್ ಎಂಬುದೂ ಎಣಿಸಿದ ಚೌಕವೇ. ಹಾಗಾಗಿ ಧಾರವಾಡದ ಕಡೆಯ ಈ ಕಲೆ ಕಂಪ್ಯೂಟರಿನ ಚೌಕಟ್ಟಿಗೆ ಬಲು ಸಲೀಸಾಗಿ ಹೊಂದುತ್ತದೆ, ಚುಕ್ಕಿ ರಂಗೋಲಿಯೂ ಅಷ್ಟೇ. 2 ಅಂಗುಲದ ಒಂದು ಚಿತ್ತಾರವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 600 ಪಿಕ್ಸೆಲ್‌ನ ಬಿಲ್ಲೆ ಸಿಗುತ್ತದೆ. ಸಾಲಿಗೆ ಆರರಂತೆ ಆರು ಸಾಲು ಜೋಡಿಸಿದರೆ 36 ಬಿಲ್ಲೆಗೆ ಪುಟ ಭರ್ತಿ. ಜೋಡಣೆಯ ಗೆರೆ ಕಾಣದಿರಲು ‘ಆಫ್‌ಸೆಟ್’ ಎಂಬ ಸೌಲಭ್ಯವಿದೆ. ಬಿಲ್ಲೆಯನ್ನು ಅಡ್ಡಕ್ಕೂ ಉದ್ದಕ್ಕೂ 300 ಪಿಕ್ಸೆಲ್ ಸರಿಸಿದರೆ ನಾಲ್ಕು ಅಂಚುಗಳೂ ನಡುವಿಗೆ ಬಂದು ಕೂರುತ್ತವೆ. ಅಲ್ಲಿ ಕಾಣುವ ಬಿರುಕನ್ನು ಕ್ಲೋನ್ ಬ್ರಷ್ಷಿನಿಂದ ತೇಪೆ ಹಾಕಿದರೆ ಆಯಿತು. ಕ್ರಿತಾದಲ್ಲಿ ಇನ್ನೂ ಸುಲಭ, ಬಿಲ್ಲೆ ನಾಲ್ಕೂ ಕಡೆ ಮರುಕಳಿಸುವುದನ್ನು ನೋಡುತ್ತಲೇ ಚಿತ್ರ ಬರೆಯಬಹುದು. ಒಂದು ಎಚ್ಚರ: ಬಿಲ್ಲೆಯಲ್ಲಿ ಒಂದೇ ಒಂದು ಕಲೆ ಉಳಿದರೂ ಪುಟದಲ್ಲಿ ಅದು 36 ಸಲ ಇಣುಕುತ್ತದೆ.

ಇಷ್ಟೆಲ್ಲ ಯಾರು ಮಾಡುತ್ತ ಕೂರುತ್ತಾರೆ, ಸಾವಿರಾರು ಕಾಗದಗಳು ಪುಕ್ಕಟೆ ಸಿಗುವಾಗ ಎಂಬುದು ಮೊದಲ ಆಕ್ಷೇಪ. ನ್ಯಾಯವಾದದ್ದೇ. 200 ಪುಟದ ಪುಸ್ತಕ ಮಾಡುವವರು ಪ್ರತಿ ಪುಟಕ್ಕೂ ಹೊಸ ಕಾಗದ ನೇಯುತ್ತ ಕೂತರೆ ಮಗುವಿನ ನಾಮಕರಣದ ಆಲ್ಬಮ್ ಅದರ ಮದುವೆಯ ಹೊತ್ತಿಗೆ ಮುಗಿದೀತು. ಆದರೆ ಅಷ್ಟು ಕಾಗದ ಬೇಕಿಲ್ಲ. ಪದರಗಳನ್ನು ಉಳಿಸಿಕೊಂಡ ಒಂದೇ ಕಡತದಲ್ಲಿ ಬಣ್ಣದ ಪದರವನ್ನಷ್ಟೇ ಬದಲಿಸುತ್ತ ಹೋದರೆ ಒಂದು ತಾಯಿಕಾಗದದಿಂದ ಇಪ್ಪತ್ತು ಮರಿಗಳು. ಪುಕ್ಕಟೆ ಕಿಟ್ ಬಳಸುವವರು ಕೂಡ ಅದರ ಬಣ್ಣ ಮತ್ತು ಬೆಳಕನ್ನು ಫೋಟೋಗೆ ತಕ್ಕಂತೆ ತಿದ್ದಿಕೊಂಡರೆ ಅರ್ಧ ದಾರಿ ಬಂದಂತೆ. ಅಂಥ ಕಿಟ್‌ಗಳಿಗೆ ‘ಸ್ವಂತ ಬಳಕೆಗೆ ಮಾತ್ರ’ ಎಂಬ ಷರತ್ತು ಇರುವುದು ಸಾಮಾನ್ಯ. ನಾಳೆ ಊರಿನ ಶಾಲೆಯ ಸ್ಮರಣ ಸಂಚಿಕೆಗೆ ಅದೇ ಪುಟ ಬಳಸಿ ಮಾರುವಾಗ ತೊಡಕಾಗಬಹುದು. ನಾವೇ ತೆಗೆದ ಚಾಪೆಯ ಫೋಟೋಗೆ ಆ ಕಾಟವಿಲ್ಲ. ಚಿತ್ರ ಬಿಡಿಸಲು ಬಾರದು ಎಂಬ ಇನ್ನೊಂದು ಮಾತಿಗೆ ಹೆಚ್ಚು ಉತ್ತರ ಬೇಕಿಲ್ಲ. ಮೇಲೆ ಹೇಳಿದ ಕೆಲಸಗಳಲ್ಲಿ ಒಂದಕ್ಕೂ ಗೆರೆ ಎಳೆಯಲು ಬರಬೇಕಾಗಿಲ್ಲ.

ಕೃತಕ ಬುದ್ಧಿಮತ್ತೆಗೆ ಒಂದು ಸಾಲು ಹೇಳಿದರೆ ಕ್ಷಣದಲ್ಲಿ ಕಾಗದ ಬರುತ್ತದಲ್ಲ ಎಂಬುದು ಈಚಿನ, ಗಟ್ಟಿಯಾದ ಆಕ್ಷೇಪ. ಬರುತ್ತದೆ, ಚೆನ್ನಾಗಿಯೂ ಇರುತ್ತದೆ. ಒರಟು ಗೋಡೆ, ಮೋಡ, ಹಳೆಯ ಕಾಗದದ ಮೈ ಇಂಥವನ್ನು ಅದರಿಂದ ಪಡೆಯುವುದರಲ್ಲಿ ನನಗೆ ತಕರಾರಿಲ್ಲ. ಆದರೆ ‘ಕಸೂತಿ’ ಎಂದು ಕೇಳಿದರೆ ಅದು ಕೊಡುವುದು ಕಸೂತಿಯಂತೆ ಕಾಣುವ ಚಿತ್ರ, ಎಳೆ ಎಣಿಸಿ ಹಾಕಿದ್ದಲ್ಲ. ಗವಂತಿಯಲ್ಲಿ ದಾರ ಒಂದು ದಾರಿಯಲ್ಲಿ ಹೋಗಿ, ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ಮರಳುತ್ತದೆ, ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣುತ್ತವೆ. ಆ ದಾರಿ ಬಲ್ಲವರ ಕಣ್ಣಿಗೆ ನಕಲು ಬೇಗ ತಿಳಿಯುತ್ತದೆ. ಅಜ್ಜಿಯ ಸೀರೆಯ ಪ್ರಶ್ನೆಯಂತೂ ಇನ್ನೂ ಸರಳ: ಆ ಸೆರಗಿನ ಮಾಸಿದ ಕೆಂಪು, ಇಸ್ತ್ರಿ ತಗುಲಿದ ಕಲೆ ಪೆಟ್ಟಿಗೆಯಲ್ಲಿರುವ ಆ ಒಂದು ಸೀರೆಯಲ್ಲಿ ಮಾತ್ರ ಇದೆ. ಅಜ್ಜಿಯ ಫೋಟೋದ ಅಡಿಗೆ ಅದನ್ನು ಹಾಸಿದಾಗ ಕಾಗದವೂ ದಾಖಲೆಯಾಗುತ್ತದೆ.

ಕೊನೆಗೆ ಕಾಗದ ಹದವಾಗಿದೆಯೇ ಎಂದು ನೋಡಲು ಎರಡು ಪರೀಕ್ಷೆ. ಪುಟವನ್ನು ಪರದೆಯ ಮೇಲೆ ಅಂಚೆಚೀಟಿಯಷ್ಟು ಚಿಕ್ಕದಾಗಿಸಿ. ಮೊದಲು ಕಣ್ಣಿಗೆ ಬೀಳುವುದು ಮುಖವಲ್ಲದೆ ವಿನ್ಯಾಸವಾದರೆ ವಿನ್ಯಾಸದ ಪದರದ ಒಪಾಸಿಟಿಯನ್ನು ಇಳಿಸಿ, ನೂರರಿಂದ ನಲವತ್ತಕ್ಕೆ ಬಂದರೂ ಬೇಸರಪಡಬೇಡಿ. ಆಮೇಲೆ ಇಡೀ ಪುಟವನ್ನು ಒಂದು ಗಳಿಗೆ ಕಪ್ಪು-ಬಿಳುಪಿಗೆ ತಿರುಗಿಸಿ. ಮುಖ ಮತ್ತು ಕಾಗದ ಒಂದೇ ಬೂದುಬಣ್ಣದಲ್ಲಿ ಬೆರೆತುಹೋದರೆ ಬಣ್ಣ ಎಷ್ಟೇ ಚೆಂದವಿದ್ದರೂ ಕಾಗದವನ್ನು ಕಣ್ಣಿಗೆ ಕಾಣುವಷ್ಟು ಗಾಢ ಮಾಡಬೇಕು ಅಥವಾ ತಿಳಿ ಮಾಡಬೇಕು. ಅಚ್ಚಿಗೆ ಕಳಿಸುವುದು ಜೆಪೆಗ್ ಪ್ರತಿಯನ್ನು. ಪದರಗಳಿರುವ ಮೂಲ ಕಡತ ಮನೆಯಲ್ಲೇ ಇರಲಿ, ಮುಂದಿನ ಪುಟದ ಕಾಗದ ಅದರಿಂದಲೇ ಬರಬೇಕು.