ಎತ್ತರದ ಕ್ಯಾಪ್ ಹೊಸ ಚಪ್ಪಲಿಯಲ್ಲ

"ಹೊಸ ಕ್ಯಾಪ್ ಅಲ್ವಾ, ನಾಲ್ಕು ದಿನ ಹಾಗೇ ಇರುತ್ತೆ. ಆಮೇಲೆ ಅಭ್ಯಾಸ ಆಗಿಬಿಡುತ್ತೆ." ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡು ಬಂದು, ಕಚ್ಚಿದಾಗ ಅದೇ ಮೊದಲು ತಾಗುತ್ತದೆ ಎನ್ನುವವರಿಗೆ ಮನೆಯವರು, ನೆರೆಯವರು, ಕೆಲವೊಮ್ಮೆ ಹಾಕಿದವರೇ ಹೇಳುವ ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಮ್ಮ ಅತ್ತೆ ಇದನ್ನೇ ನಂಬಿ ಒಂದೂವರೆ ತಿಂಗಳು ಒಂದೇ ಕಡೆ ಅಗಿದರು, ರೊಟ್ಟಿ ಬಿಟ್ಟು ಗಂಜಿಗೆ ಇಳಿದರು. ಕೊನೆಗೆ ಕ್ಯಾಪಿನ ಮೇಲೆ ಸಾಸಿವೆಯಷ್ಟು ಜಾಗ ಉಜ್ಜಿ ಸರಿಮಾಡಲು ಹಿಡಿದದ್ದು ಹತ್ತು ನಿಮಿಷ.

ಹೊಸ ಚಪ್ಪಲಿ ಕಚ್ಚುತ್ತದೆ, ತೊಗಲು ಮೆತ್ತಗಾದ ಮೇಲೆ ಬಿಡುತ್ತದೆ. ಕ್ಯಾಪ್ ಮಾಡುವ ಜಿರ್ಕೋನಿಯಾ ತೊಗಲಲ್ಲ, ಅದು ಬಗ್ಗುವುದಿಲ್ಲ. ಬಗ್ಗಬೇಕಾಗಿ ಬರುವುದು ಅದರಡಿಯ ಹಲ್ಲು. ಹಲ್ಲು ಮೂಳೆಗೆ ಅಂಟಿಕೊಂಡಿಲ್ಲ, ತೆಳುವಾದ ನಾರಿನ ಪದರದಲ್ಲಿ ತೂಗಿಕೊಂಡಿದೆ. ಆ ನಾರಿನಲ್ಲಿರುವ ನರಗಳು ಎಷ್ಟು ಸೂಕ್ಷ್ಮವೆಂದರೆ, ಹಲ್ಲುಗಳ ನಡುವೆ ಸುಮಾರು 20 ಮೈಕ್ರಾನ್ ದಪ್ಪದ ಹಾಳೆ ಇಟ್ಟರೂ ತಿಳಿಯುತ್ತದೆ. ತಲೆಗೂದಲು ಅದಕ್ಕಿಂತ ಮೂರ್ನಾಲ್ಕು ಪಟ್ಟು ದಪ್ಪ. "ಇದೊಂದೇ ಮೊದಲು ತಾಗುತ್ತಿದೆ" ಎಂದು ಬಾಯಿ ಹೇಳಿದರೆ ಅದು ಭ್ರಮೆಯಲ್ಲ. ಪ್ರತಿ ತುತ್ತಿಗೂ ಆ ಹಲ್ಲೊಂದೇ ಏಟು ತಿನ್ನುತ್ತದೆ. ನಾರು ಉರಿಯೂತಕ್ಕೀಡಾಗುತ್ತದೆ, ಕಚ್ಚಿದರೆ ನೋವು, ತಣ್ಣೀರಿಗೆ ಜುಮ್ಮೆನ್ನುವುದು, ಅಲುಗಾಟ, ಕ್ಯಾಪಿನ ಮೇಲಿನ ಪಿಂಗಾಣಿ ಚಕ್ಕೆ ಏಳುವುದು ಶುರುವಾಗಬಹುದು.

ಕೆಲವರಿಗೆ ವಾರಗಳ ನಂತರ ಆ ತಾಗುವಿಕೆ ಮರೆಯಾಗುವುದೂ ನಿಜ. ಆದರೆ ಅದು ಅಭ್ಯಾಸವಲ್ಲ. ಹಲ್ಲು ಮೂಳೆಯೊಳಕ್ಕೆ ಒತ್ತಲ್ಪಟ್ಟಿರುತ್ತದೆ, ಇಲ್ಲವೇ ದವಡೆ ತಪ್ಪಿಸಿಕೊಂಡು ಮುಚ್ಚುವುದನ್ನು ಕಲಿತಿರುತ್ತದೆ. 1975ರಲ್ಲಿ ನಾರ್ವೆಯ ದಂತವೈದ್ಯ ಡಾಲ್ ಮತ್ತು ಸಂಗಡಿಗರು ಸವೆದ ಮುಂದಿನ ಹಲ್ಲುಗಳಿಗೆ ಜಾಗ ಮಾಡಲು ಹಲ್ಲಿನ ಈ ಚಲನೆಯನ್ನೇ ಬಳಸಿದ್ದರು. ಅದು ಲೆಕ್ಕ ಹಾಕಿ, ಕಣ್ಣಿಟ್ಟು ಮಾಡಿದ ಚಿಕಿತ್ಸೆ. ಅಳತೆ ತಪ್ಪಿದ ಕ್ಯಾಪಿಗೆ ಅದನ್ನು ಸಮರ್ಥನೆಯಾಗಿ ತರುವಂತಿಲ್ಲ.

ತಿದ್ದುವ ದಾರಿ ಸರಳ. ಜೋಮು ಇಳಿದ ಮೇಲೆ ನೆಟ್ಟಗೆ ಕೂರಿಸಿ ಬಣ್ಣದ ಕಾಗದ ಕಚ್ಚಿಸಬೇಕು, ದವಡೆಯನ್ನು ಅಕ್ಕಪಕ್ಕ ಜಾರಿಸಿಯೂ ನೋಡಬೇಕು. 8 ಮೈಕ್ರಾನಿನ ತೆಳು ಹಾಳೆಯನ್ನು ಪಕ್ಕದ ಹಲ್ಲುಗಳು ಮೊದಲಿನಂತೆ ಬಿಗಿಹಿಡಿಯುವವರೆಗೆ ಕ್ಯಾಪನ್ನು ಉಜ್ಜಬೇಕು. ಉಜ್ಜಿದ ಜಾಗಕ್ಕೆ ಪಾಲಿಶ್ ಕಡ್ಡಾಯ, ಒರಟಾಗಿ ಬಿಟ್ಟ ಜಿರ್ಕೋನಿಯಾ ಎದುರಿನ ಹಲ್ಲನ್ನು ಅರದಂತೆ ತೇಯುತ್ತದೆ. ಎತ್ತರ ತೀರಾ ಹೆಚ್ಚಿದ್ದರೆ ಹೊಸ ಕ್ಯಾಪೇ ಆಗಬೇಕು. ಕ್ಯಾಪ್ ಉಳಿಸಲೆಂದು ಎದುರಿನ ಒಳ್ಳೆಯ ಹಲ್ಲನ್ನು ತೇಯುವುದು ತಿದ್ದುಪಡಿಯಲ್ಲ, ಎರಡನೇ ತಪ್ಪು.

ಹಲ್ಲಿನ ಬಗೆಗಿನ ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಕಚ್ಚಿದಾಗ ನೋವೆಂದ ಮಾತ್ರಕ್ಕೆ ರೂಟ್ ಕೆನಾಲ್ ಬೇಕೆಂದಲ್ಲ, ಮೊದಲು ಕಚ್ಚುವಿಕೆ ನೋಡಲಿ. ಮೇಲಿನ ಹಲ್ಲು ಕೀಳಿಸಿದರೆ ದೃಷ್ಟಿ ಮಂಕಾಗುವುದಿಲ್ಲ, ಕಣ್ಣಿನ ನೋಟದ ನರವೇ ಬೇರೆ. ತಲೆನೋವು, ದವಡೆಯ ಕಟಕಟ ಸದ್ದಿಗೆಲ್ಲ ಕಚ್ಚುವಿಕೆಯೇ ಕಾರಣವೆಂದು ಬಾಯಿತುಂಬ ಹಲ್ಲು ತೇಯಿಸಿಕೊಳ್ಳಬೇಡಿ, ತೇಯ್ದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

ರವಿಕೆ ಬಿಗಿಯಾದರೆ ಅದೇ ಸಂಜೆ ದರ್ಜಿಯ ಮುಂದೆ ನಿಲ್ಲುವ ನಾವು, ಬಾಯೊಳಗಿನ ಕೆಲಸ ಸರಿಯಿಲ್ಲವೆಂದು ಹೇಳಲು ಅಳುಕುತ್ತೇವೆ. ಊರಿನವರ ಮಾತೆಲ್ಲ ನಂಬುತ್ತೇವೆ, ನಮ್ಮದೇ ಹಲ್ಲಿನ ಸಾಕ್ಷಿಯನ್ನು ನಂಬುವುದಿಲ್ಲ. ನಾಳೆಯೇ ಹೋಗಿ ಕುರ್ಚಿಯಲ್ಲಿ ಕೂತು ಹೇಳಿ: "ಇಲ್ಲಿ ಮೊದಲು ತಾಗುತ್ತಿದೆ, ಕಾಗದ ಇಟ್ಟು ನೋಡಿ."