ಬಸುರಿಯ ಜ್ವರಕ್ಕೆ ಕಾಯುವ ವ್ಯವಧಾನವಿಲ್ಲ

ತುಂಬು ಬಸುರಿಗೆ ಜ್ವರ, ಮೈಕೈನೋವು, ಕೆಮ್ಮು ಬಂದರೆ ಮನೆಯಲ್ಲಿ ಹಿರಿಯರು ಹೇಳುವುದು, ‘ಈಗ ಮಾತ್ರೆಗೀತ್ರೆ ಬೇಡ, ಮಗುವಿಗೆ ಆಗಿಬರೋದಿಲ್ಲ. ಕಷಾಯ ಕುಡಿದು ಮಲಗು.’ ಅದು ಪ್ರೀತಿಯ ಮಾತೇ. ಆದರೆ ಬಂದಿರುವುದು ಇನ್‌ಫ್ಲುಯೆಂಜಾ, ಅಂದರೆ ಫ್ಲೂ ಆಗಿದ್ದರೆ, ಹಾಗೆ ಕಳೆಯುವ ಎರಡು ದಿನ ತಾಯಿ ಮಗು ಇಬ್ಬರ ಪಾಲಿಗೂ ಅಮೂಲ್ಯ.

ಇದು ಮನದಟ್ಟಾದದ್ದು 2009ರಲ್ಲಿ, ನಾವು ಹಂದಿಜ್ವರ ಎಂದು ಕರೆದ ಎಚ್1ಎನ್1 ಹಬ್ಬಿದಾಗ. ಅಮೆರಿಕದ ಜನಸಂಖ್ಯೆಯಲ್ಲಿ ಗರ್ಭಿಣಿಯರು ಸುಮಾರು ಶೇ 1ರಷ್ಟಿದ್ದರು. ಆ ಸೋಂಕಿಗೆ ಬಲಿಯಾದವರಲ್ಲಿ ಅವರ ಪಾಲು ಶೇ 5. ಲಕ್ಷಣ ಕಾಣಿಸಿ ನಾಲ್ಕು ದಿನ ಕಳೆದ ಮೇಲೆ ವೈರಸ್ ನಿರೋಧಕ ಔಷಧ ಸಿಕ್ಕ ಗರ್ಭಿಣಿಯರು ಐಸಿಯು ಸೇರಿದ ಪ್ರಮಾಣ, ಎರಡು ದಿನದೊಳಗೆ ಔಷಧ ಸಿಕ್ಕವರಿಗಿಂತ ಆರು ಪಟ್ಟು ಹೆಚ್ಚಿತ್ತು.

ಬಸುರಿಗೇ ಏಕೆ ಇಷ್ಟು ಅಪಾಯ? ಬೆಳೆಯುವ ಗರ್ಭಕೋಶ ವಪೆಯನ್ನು ಸುಮಾರು 4 ಸೆಂಟಿಮೀಟರ್ ಮೇಲಕ್ಕೆ ತಳ್ಳುತ್ತದೆ. ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯಬೇಕಾದ ಗಾಳಿಯ ದಾಸ್ತಾನು ಕುಗ್ಗುತ್ತದೆ. ಅದೇ ಹೊತ್ತಿಗೆ ಆಮ್ಲಜನಕದ ಬೇಡಿಕೆ ಏರುತ್ತದೆ. ರಕ್ತದ ಪ್ರಮಾಣ ಶೇ 40ಕ್ಕೂ ಹೆಚ್ಚು ಬೆಳೆದು ಹೃದಯ ಎಂದಿಗಿಂತ ಹೆಚ್ಚು ದುಡಿಯುತ್ತಿರುತ್ತದೆ. ಅರ್ಧ ತಂದೆಯದ್ದೇ ಆದ ಮಗುವನ್ನು ಪರಕೀಯವೆಂದು ಬಗೆಯದಂತೆ ರೋಗನಿರೋಧಕ ವ್ಯವಸ್ಥೆಯೂ ತನ್ನ ವರಸೆ ಬದಲಿಸಿಕೊಂಡಿರುತ್ತದೆ. ಇಂಥ ದೇಹದಲ್ಲಿ ನ್ಯುಮೋನಿಯಾ ಕಾಲಿಟ್ಟರೆ ಉಸಿರು ಬೇಗ ಸೋಲುತ್ತದೆ. ತಾಯಿಯ ರಕ್ತದಲ್ಲಿ ಆಮ್ಲಜನಕ ಇಳಿದರೆ ಮಗುವಿಗೂ ಕೊರತೆ. ಅವಧಿಗೆ ಮುನ್ನ ಹೆರಿಗೆಯಾಗುವ ಭಯವೂ ಇದೆ.

ಹೆರಿಗೆಯಾದ ಕೂಡಲೇ ಈ ಬದಲಾವಣೆಗಳೆಲ್ಲ ಹಿಂದಿನಂತಾಗುವುದಿಲ್ಲ. ಆದ್ದರಿಂದಲೇ ವೈದ್ಯರು ಹೆರಿಗೆಯ ನಂತರದ ಎರಡು ವಾರವನ್ನೂ ಅಪಾಯದ ಅವಧಿಗೇ ಸೇರಿಸುತ್ತಾರೆ. ನಮ್ಮಲ್ಲಿ ಮಗು ನೋಡಲು ನೆಂಟರು ಸಾಲುಗಟ್ಟುವುದೂ ಆಗಲೇ. ನೆಗಡಿ, ಕೆಮ್ಮು ಇದ್ದವರು ಬಾಣಂತಿಯ ಕೋಣೆಯಿಂದ ದೂರ ಉಳಿಯುವುದೇ ದೊಡ್ಡ ಉಡುಗೊರೆ. ಬಾಣಂತಿಯ ಜ್ವರವನ್ನು ‘ಹಾಲು ಕಟ್ಟಿದ್ದಕ್ಕೆ’ ಎಂದು ಮನೆಯಲ್ಲೇ ತೀರ್ಮಾನಿಸಬೇಡಿ. ಅದು ಫ್ಲೂ ಇರಬಹುದು, ಗರ್ಭಕೋಶದ ನಂಜೂ ಇರಬಹುದು. ಫ್ಲೂ ಎದೆಹಾಲಿನ ಮೂಲಕ ಹರಡುವುದಿಲ್ಲ. ಕೈ ತೊಳೆದು, ಮಾಸ್ಕ್ ಹಾಕಿ ಹಾಲೂಡಿಸಬಹುದು.

ಒಸೆಲ್ಟಾಮಿವಿರ್ ಎಂಬ ಔಷಧವನ್ನು ಗರ್ಭಿಣಿಯರಿಗೂ ಕೊಡುತ್ತಾರೆ. 48 ಗಂಟೆಯೊಳಗೆ ಶುರುವಾದರೆ ಅದರ ಗುಣ ಹೆಚ್ಚು. ಹಾಗಾಗಿ ಫ್ಲೂ ಎಂಬ ಬಲವಾದ ಅನುಮಾನವಿದ್ದರೆ ವೈದ್ಯರು ಪರೀಕ್ಷೆಯ ವರದಿಗೂ ಕಾಯುವುದಿಲ್ಲ. ಏದುಸಿರು, ಎದೆನೋವು, ಮಂಪರು, ಮಗುವಿನ ಅಲುಗಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಅದು ನಡುರಾತ್ರಿಯಾದರೂ ಸರಿ, 108ಕ್ಕೆ ಕರೆ ಮಾಡಿ.

ಜ್ವರ ಬರುವ ಮುನ್ನವೇ ಕಾಪಾಡುವ ದಾರಿಯೂ ಇದೆ. ಫ್ಲೂ ಚುಚ್ಚುಮದ್ದನ್ನು ಬಸುರಿನ ಯಾವ ತಿಂಗಳಲ್ಲಾದರೂ ಪಡೆಯಬಹುದು. ಅದರಲ್ಲಿ ಜೀವಂತ ವೈರಸ್ ಇರುವುದಿಲ್ಲ. ತಾಯಿಯಲ್ಲಿ ಹುಟ್ಟಿದ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೂ ದಾಟುತ್ತವೆ. ಆರು ತಿಂಗಳು ತುಂಬದ ಕೂಸಿಗೆ ಫ್ಲೂ ಲಸಿಕೆ ಹಾಕುವಂತಿಲ್ಲವಾದ್ದರಿಂದ ಅದಕ್ಕೆ ತಾಯಿ ಕೊಡುವ ಈ ರಕ್ಷಣೆ ಬಹಳ ದೊಡ್ಡದು. ಬಾಂಗ್ಲಾದೇಶದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಸುರಿನಲ್ಲಿ ಲಸಿಕೆ ಪಡೆದವರ ಕೂಸುಗಳಲ್ಲಿ ಪರೀಕ್ಷೆಯಿಂದ ಖಚಿತವಾದ ಫ್ಲೂ ಶೇ 63ರಷ್ಟು ಕಡಿಮೆಯಾಗಿತ್ತು.

ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಹೋದಾಗ ಧನುರ್ವಾಯು ಚುಚ್ಚುಮದ್ದಿನ ಜೊತೆಗೆ ಫ್ಲೂ ಲಸಿಕೆಯ ಬಗೆಗೂ ಕೇಳಿ. ಜ್ವರ ಬಂದರೆ ಕಷಾಯ ಕುಡಿಸುವುದು ತಪ್ಪಲ್ಲ; ಮೊದಲು ವೈದ್ಯರಿಗೆ ತೋರಿಸಿ.